ಅಂಕಿತದಲ್ಲಿ ಸಂಗಾತಿಯ ಹೆಸರು: ದಾಂಪತ್ಯಕ್ಕೊಂದು ಸ್ಮರಣೆಯ ಅಭ್ಯಾಸ

ಮುದನೂರಿನ ನೇಕಾರ ಜೇಡರ ದಾಸಿಮಯ್ಯನ ವಚನಗಳ ಅಂಕಿತ, ಅಂದರೆ ವಚನದ ಕೊನೆಗೆ ಸಹಿಯಂತೆ ಬರುವ ದೇವರ ಹೆಸರು, ‘ರಾಮನಾಥ’. ಅವನ ಹೆಂಡತಿ ದುಗ್ಗಳೆಯ ಅಂಕಿತ ‘ದಾಸಯ್ಯಪ್ರಿಯ ರಾಮನಾಥ’. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯುವ ಕಾಯಕದ ಮಾರಯ್ಯನದು ‘ಅಮರೇಶ್ವರಲಿಂಗ’. ಅವನ ಹೆಂಡತಿ ಲಕ್ಕಮ್ಮನದು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಸೌದೆ ಮಾರಿ ಬದುಕಿದ ಮೋಳಿಗೆ ಮಾರಯ್ಯನದು ‘ನಿಃಕಳಂಕ ಮಲ್ಲಿಕಾರ್ಜುನ’. ಅವನ ಹೆಂಡತಿ ಮಹಾದೇವಿಯದು ‘ಎನ್ನಯ್ಯಪ್ರಿಯ ಇಮ್ಮಡಿ ನಿಃಕಳಂಕ ಮಲ್ಲಿಕಾರ್ಜುನ’. ಮೂವರೂ ದೇವರನ್ನು ಕರೆಯುವ ಉಸಿರಿನಲ್ಲೇ ಗಂಡನನ್ನೂ ನೆನೆದರು. ಗಂಡಂದಿರ ಅಂಕಿತಗಳಲ್ಲಿ ಮಾತ್ರ ಹೆಂಡತಿಯರ ಸುಳಿವಿಲ್ಲ. ಎಂಟುನೂರು ವರ್ಷಕ್ಕೂ ಹಳೆಯ ಈ ಬಾಕಿಯನ್ನು ಇಂದಿನ ಗಂಡಂದಿರಾದರೂ ತೀರಿಸಬಹುದು. ಕೆಳಗಿನ ಒಂದು ಹೆಜ್ಜೆ ಅದಕ್ಕೇ ಮೀಸಲು.

ಇಪ್ಪತ್ತು ಮೂವತ್ತು ವರ್ಷ ಒಟ್ಟಿಗೆ ಬಾಳಿದವರ ನಡುವೆ ಪ್ರೀತಿ ಜಗಳದಿಂದ ಸಾಯುವುದು ಕಡಿಮೆ. ಜಗಳವಾಡಲಾದರೂ ಎದುರಿಗಿರುವವರ ಮುಖ ನೋಡಬೇಕಾಗುತ್ತದೆ. ಹೆಚ್ಚಿನ ಮನೆಗಳಲ್ಲಿ ಆ ನೋಟವೇ ನಿಂತುಹೋಗಿರುತ್ತದೆ. ಕಾಫಿ ಬರುತ್ತದೆ, ತಂದವರು ಕಾಣುವುದಿಲ್ಲ. ಕರೆಂಟ್ ಬಿಲ್ ಕಟ್ಟಿಯಾಗಿರುತ್ತದೆ, ಕಟ್ಟಿದವರು ಯಾರೆಂಬುದು ಮನಸ್ಸಿಗೆ ಬರುವುದಿಲ್ಲ. ಭಕ್ತರು ಶತಮಾನಗಳಿಂದ ಹೆಣಗಿರುವುದೂ ಇದೇ ತೊಂದರೆಯೊಡನೆ. ಅದೇ ಮೂರ್ತಿ, ಅದೇ ನಾಮ, ಅದೇ ಬೆಳಗಿನ ಹೊತ್ತು; ಆದರೂ ಮನಸ್ಸು ಜಡ್ಡುಗಟ್ಟಬಾರದು. ಅದಕ್ಕೆಂದು ಅವರು ಕಂಡುಕೊಂಡ ಉಪಾಯಗಳನ್ನು ದಾಂಪತ್ಯಕ್ಕೆ ಎರವಲು ತರುವ ಬಗೆಯನ್ನು ಇಲ್ಲಿ ಹೇಳಿದ್ದೇನೆ.

ಪತಿಯೇ ಪರದೈವವೆಂಬ ಹಳೆಯ ಪಾಠವನ್ನು ಇದರಲ್ಲಿ ಹುಡುಕಬೇಡಿ. ಸಂಗಾತಿ ಗೊರಕೆ ಹೊಡೆಯುವ, ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಬಿಡುವ ಮನುಷ್ಯಜೀವಿ. ಪೂಜೆ ದೇವರಿಗೇ ಇರಲಿ; ಪೂಜೆಯ ಹೊತ್ತಿನಲ್ಲಿ ಒಂದು ನಿಮಿಷ ಸಂಗಾತಿಗೆ ಸಲ್ಲಲಿ.

ಮೊದಲ ಹೆಜ್ಜೆ: ನೆನೆಯುವ ಮುನ್ನ ಕೇಳಿ

ಭಾಗವತ ಹೇಳುವ ಒಂಬತ್ತು ಬಗೆಯ ಭಕ್ತಿಯಲ್ಲಿ ಸ್ಮರಣೆಗೆ ಮೂರನೆಯ ಸ್ಥಾನ. ಅದಕ್ಕೂ ಮೊದಲು ಶ್ರವಣ, ಆಮೇಲೆ ಕೀರ್ತನೆ. ಈ ಕ್ರಮದಲ್ಲಿ ವಿವೇಕವಿದೆ. ಕಿವಿಗೆ ಬೀಳದ್ದನ್ನು, ಬಾಯಲ್ಲಿ ಆಡದ್ದನ್ನು ನೆನೆಯುವುದಾದರೂ ಹೇಗೆ? ಸಂಗಾತಿಯ ಬಗ್ಗೆ ನಮ್ಮ ತಲೆಯಲ್ಲಿರುವ ಮಾಹಿತಿ ಎಷ್ಟೋ ಬಾರಿ ಹತ್ತು ವರ್ಷ ಹಳೆಯದು. ಹೆಂಡತಿಗೆ ಮೈಸೂರು ಪಾಕ್ ಇಷ್ಟವೆಂದು ಗಂಡ ತಂದೇ ತರುತ್ತಾನೆ. ಅವಳು ಸಿಹಿ ಬಿಟ್ಟು ಕಾಲವಾಗಿರುತ್ತದೆ.

ಆದ್ದರಿಂದ ಮೊದಲ ವಾರ ಜಪವೂ ಬೇಡ, ಧ್ಯಾನವೂ ಬೇಡ. ದಿನಕ್ಕೊಂದು ವಿಷಯ ಗಮನಿಸಿ, ರಾತ್ರಿ ಒಂದು ಸಾಲಿನಲ್ಲಿ ಬರೆದಿಡಿ. ಪಂಚಾಂಗದ ಅಂಚಾದರೂ ಸರಿ, ಮೊಬೈಲಿನ ಟಿಪ್ಪಣಿಯಾದರೂ ಸರಿ. ಒಂದೇ ನಿಬಂಧನೆ: ಗುಣವಾಚಕ ಬೇಡ, ಘಟನೆ ಬೇಕು. ‘ತುಂಬಾ ಒಳ್ಳೆಯವಳು’ ಎಂದು ಬರೆದರೆ ನಾಳೆ ನೆನೆಯಲು ಕೈಗೇನೂ ಸಿಗುವುದಿಲ್ಲ. ‘ಅಮ್ಮನ ಬಿಪಿ ಮಾತ್ರೆ ಮುಗಿಯುವ ಮೊದಲೇ ತಂದಿಟ್ಟಿದ್ದಳು’, ‘ಮಗನ ಮೇಲೆ ರೇಗಿದ ಮೇಲೆ ತಾನೇ ಹೋಗಿ ಅವನ ಸೈಕಲ್ ಚೈನು ಹಾಕಿಕೊಟ್ಟರು’, ‘ಫೋನಿನಲ್ಲಿ ತಂಗಿಯೊಡನೆ ಮಾತಾಡುವಾಗ ದನಿ ಬೇರೆಯೇ ಇತ್ತು’ ಎಂದು ಬರೆದರೆ ಆ ವ್ಯಕ್ತಿ ಕಣ್ಣ ಮುಂದೆ ಬರುತ್ತಾರೆ. ಹೊಗಳಿಕೆಯೇ ಆಗಬೇಕೆಂದೂ ಇಲ್ಲ. ಕಂಡದ್ದು ನಿಜವಾಗಿದ್ದರೆ ಸಾಕು.

ಎರಡು ಮೂರು ದಿನ ಏನೂ ಹೊಳೆಯದಿದ್ದರೆ ಗಾಬರಿ ಬೇಡ. ನೋಡುವ ರೂಢಿ ತಪ್ಪಿ ಎಷ್ಟು ದಿನವಾಯಿತೆಂಬ ಅಂದಾಜು ಅದರಿಂದಲೇ ಸಿಗುತ್ತದೆ.

ಎರಡನೆಯ ಹೆಜ್ಜೆ: ಇರುವ ಅನುಷ್ಠಾನಕ್ಕೇ ಕಟ್ಟಿ

ಸಂಗಾತಿಯನ್ನು ನೆನೆಯಲು ಬೆಳಗ್ಗೆ ಐದಕ್ಕೆ ಹೊಸದಾಗಿ ಏಳುತ್ತೇನೆಂದು ಹೊರಟವರು ಹೆಚ್ಚು ದಿನ ಬಾಳುವುದಿಲ್ಲ. ನಿಮ್ಮ ಮನೆಯಲ್ಲಿ ಈಗಾಗಲೇ ನಡೆಯುತ್ತಿರುವ ಯಾವುದಾದರೊಂದು ಆಚರಣೆಯಲ್ಲಿ ಒಂದು ಬಿಡುವನ್ನು ಹುಡುಕಿ. ಅಂಥ ಬಿಡುವು ಇದ್ದೇ ಇರುತ್ತದೆ.

ಜಪಮಾಲೆ ಹಿಡಿಯುವವರಿಗೆ ಮೇರುಮಣಿ ಇದೆ. ನೂರೆಂಟು ಮಣಿ ಎಣಿಸಿ ಮೇರುವಿಗೆ ಬಂದಾಗ ಅದನ್ನು ದಾಟದೆ ಮಾಲೆಯನ್ನು ತಿರುಗಿಸಬೇಕಲ್ಲ, ಆ ತಿರುವಿನಲ್ಲಿ ನಿಲ್ಲಿ. ಹಿಂದಿನ ರಾತ್ರಿ ಬರೆದ ಒಂದು ಸಾಲನ್ನು ನೆನೆದು ಮುಂದುವರಿಯಿರಿ. ಇಷ್ಟಲಿಂಗ ಪೂಜೆ ಮಾಡುವವರು ಅಂಗೈಯಲ್ಲಿನ ಲಿಂಗವನ್ನು ದಿಟ್ಟಿಸಿ ಮುಗಿಸಿ, ಕರಡಿಗೆಗೆ ಮರಳಿಸುವ ಮುನ್ನ ಆ ಕ್ಷಣ ತೆಗೆದುಕೊಳ್ಳಬಹುದು. ನಮಾಜು ಮಾಡುವವರಿಗೆ ಕೊನೆಯಲ್ಲಿ ಕೈಯೆತ್ತುವ ದುವಾ ಇದೆ. ಜಪಸರ (ರೋಸರಿ) ಹೇಳುವ ಕ್ರೈಸ್ತರ ಮನೆಯಲ್ಲಿ ಹತ್ತು ಮಣಿಗಳ ಒಂದು ಸುತ್ತನ್ನು ಸಂಗಾತಿಗೆಂದು ಅರ್ಪಿಸಬಹುದು. ಇದಾವುದೂ ಇಲ್ಲದ ಮನೆಯಲ್ಲೂ ಸಂಜೆ ದೀಪ ಹಚ್ಚುವವರು ಒಬ್ಬರಿರುತ್ತಾರೆ. ಬತ್ತಿ ಹತ್ತಿಕೊಂಡು ಜ್ವಾಲೆ ನೆಟ್ಟಗಾಗುವಷ್ಟು ಹೊತ್ತು ಧಾರಾಳವಾಯಿತು.

ಒಂದು ನಿಮಿಷ ಮೀರದಿರಲಿ. ಮನಸ್ಸು ಹಿಗ್ಗಿದ ದಿನ ಹತ್ತು ನಿಮಿಷ ಕುಳಿತವರು, ಹಿಗ್ಗದ ದಿನ ಕೂರುವುದೇ ಇಲ್ಲ. ಬೇಸರದಲ್ಲೂ ಕೈಗೂಡುವಷ್ಟು ಚಿಕ್ಕದಾಗಿದ್ದರೆ ಅಭ್ಯಾಸ ನಿಲ್ಲುತ್ತದೆ.

ಮೂರನೆಯ ಹೆಜ್ಜೆ: ನಿಮ್ಮದೇ ಅಂಕಿತ ಕಟ್ಟಿಕೊಳ್ಳಿ

ದುಗ್ಗಳೆ, ಲಕ್ಕಮ್ಮರ ದಾರಿ ಇದು. ಮನೆದೇವರ ಅಥವಾ ನಿಮಗೆ ಒಗ್ಗಿದ ದೇವರ ಹೆಸರಿನ ಮುಂದೆ ಸಂಗಾತಿಯ ಹೆಸರು ಸೇರಿಸಿ, ಒಂದೇ ಉಸಿರಿನಲ್ಲಿ ಹೇಳಬಹುದಾದ ಪದವೊಂದನ್ನು ಮಾಡಿಕೊಳ್ಳಿ. ‘ಶಾರದಾಪ್ರಿಯ ಮಂಜುನಾಥ’, ‘ಸುರೇಶಪ್ರಿಯೆ ಬನಶಂಕರಿ’, ಹೀಗೆ. ಹೆಂಡತಿಯ ಹೆಸರು ಲಕ್ಷ್ಮಿಯಾಗಿದ್ದು ಮನೆದೇವರು ತಿರುಪತಿ ತಿಮ್ಮಪ್ಪನಾಗಿದ್ದರೆ ನೀವು ಕಷ್ಟಪಡಬೇಕಾಗಿಯೇ ಇಲ್ಲ. ಅಂಕಿತ ಆಗಲೇ ಸಿದ್ಧವಿದೆ. ಆದರೆ ಅಂಥವರು ಹೇಳುವಾಗ ಕೊಂಚ ಎಚ್ಚರ ವಹಿಸಬೇಕು, ಮನಸ್ಸು ಸೀದಾ ವೈಕುಂಠಕ್ಕೆ ಹೋಗಿ ಅಡುಗೆಮನೆಯಲ್ಲಿರುವ ಲಕ್ಷ್ಮಿ ಅಲ್ಲೇ ಉಳಿದುಬಿಡಬಹುದು.

ವ್ಯಾಕರಣದ ಚಿಂತೆ ಬೇಡ. ಹೆಸರು ಪೂರ್ತಿ ಹೊಂದದಿದ್ದರೆ ಮನೆಯಲ್ಲಿ ಕರೆಯುವ ಹೆಸರನ್ನೇ ಇಟ್ಟುಕೊಳ್ಳಿ. ಮಹಾದೇವಿ ಗಂಡನ ಹೆಸರನ್ನೇ ಹೇಳದೆ ‘ಎನ್ನಯ್ಯ’ ಎಂದಳು, ಅದೂ ನಡೆಯಿತು. ಇಲ್ಲಿ ‘ಪ್ರಿಯ’ ಎಂಬುದು ಇಬ್ಬರನ್ನೂ ಹಿಡಿದಿಡುತ್ತದೆ: ಈ ವ್ಯಕ್ತಿ ನನಗೆ ಸೇರಿದವರಷ್ಟೇ ಆಗಿರದೆ ದೇವರಿಗೂ ಬೇಕಾದವರು. ನಿಮಗೆ ಬೇಸರ ತರಿಸಿದ ದಿನವೂ ಆ ಸಂಬಂಧ ಹಾಗೇ ಇರುತ್ತದೆ. ಅಂಥವರನ್ನು ಗದರುವಾಗ ದನಿ ತಾನಾಗಿ ಒಂದು ಮೆಟ್ಟಿಲು ಇಳಿಯುತ್ತದೆ.

ಈ ಅಂಕಿತ ಎಲ್ಲಿ ಬಳಕೆಗೆ ಬರುತ್ತದೆ? ಪೂಜೆಯ ಕೊನೆಯಲ್ಲಿ ಒಮ್ಮೆ. ಮನೆಯ ಬಾಗಿಲು ತೆರೆಯುವ ಮುನ್ನ, ಚಪ್ಪಲಿ ಬಿಡುವಾಗ ಒಮ್ಮೆ. ಕಚೇರಿಯ ಸಿಟ್ಟು ಮನೆಯೊಳಕ್ಕೆ ಕಾಲಿಡುವ ಜಾಗ ಅದು, ಆದ್ದರಿಂದ ಅಲ್ಲೇ ಕಾವಲು ಬೇಕು. ಸಂಗಾತಿಯಿಂದ ಕರೆ ಬಂದಾಗ, ಫೋನ್ ಎತ್ತುವ ಮೊದಲು ಒಮ್ಮೆ. ಇಷ್ಟೇ ಸಾಕು.

ಇದನ್ನು ಸಂಗಾತಿಗೆ ತಿಳಿಸಬೇಕೇ? ತಿಳಿಸದಿರುವುದೇ ಒಳ್ಳೆಯದೆಂದು ನನ್ನ ಅನಿಸಿಕೆ, ಕಡೆಯಪಕ್ಷ ಮೊದಲ ಕೆಲವು ತಿಂಗಳು. ಹೇಳಿದ ಕೂಡಲೇ ಅದು ಉಪಕಾರವಾಗುತ್ತದೆ. ಮುಂದಿನ ಜಗಳದಲ್ಲಿ ‘ನಾನು ನಿನ್ನ ಹೆಸರಲ್ಲಿ ದಿನಾ ಜಪ ಮಾಡುತ್ತೇನೆ, ನೀನು ನೋಡಿದರೆ’ ಎಂಬ ಮಾತು ಹೊರಬೀಳದೆ ಇರುವುದಿಲ್ಲ. ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುವ ವಿಚಾರವಿದ್ದರಂತೂ ಬಿಟ್ಟುಬಿಡಿ.

ನಾಲ್ಕನೆಯ ಹೆಜ್ಜೆ: ಸಂಗಾತಿಗಾಗಿ ಬೇಡಿ, ಸಂಗಾತಿಯ ಮೇಲೆ ದೂರು ಕೊಡಬೇಡಿ

ಪುರೋಹಿತರು ಹೇಳಿಸುವ ಸಂಕಲ್ಪದಲ್ಲಿ ‘ಸಹಕುಟುಂಬಾನಾಂ ಕ್ಷೇಮ ಸ್ಥೈರ್ಯ’ ಎಂದು ಎಲ್ಲರನ್ನೂ ಒಟ್ಟಿಗೆ ಸೇರಿಸಿಬಿಡುತ್ತೇವೆ. ಅದು ಚೆನ್ನಾಗಿಯೇ ಇದೆ. ಆದರೆ ಕುಟುಂಬವೆಂಬ ಗುಂಪಿನಲ್ಲಿ ಒಬ್ಬ ವ್ಯಕ್ತಿ ಕಳೆದುಹೋಗುವುದು ಸುಲಭ. ವಾರಕ್ಕೊಮ್ಮೆಯಾದರೂ ಸಂಕಲ್ಪವನ್ನು ಬಿಡಿಸಿ ಹೇಳಿ: ಇವರ ಮಂಡಿನೋವು ಕಡಿಮೆಯಾಗಲಿ, ಇವಳ ವರ್ಗಾವಣೆಯ ಅರ್ಜಿ ಈ ಸಲವಾದರೂ ಮೇಲಿನವರ ಕಣ್ಣಿಗೆ ಬೀಳಲಿ, ಅಣ್ಣತಮ್ಮಂದಿರ ನಡುವಿನ ಆ ಜಮೀನಿನ ತಗಾದೆಯಿಂದ ಇವರಿಗೆ ನಿದ್ದೆ ಕೆಡದಿರಲಿ.

‘ಇವರಿಗೆ ಒಳ್ಳೆಯ ಬುದ್ಧಿ ಕೊಡಪ್ಪಾ’ ಎಂಬುದು ಪ್ರಾರ್ಥನೆಯ ವೇಷದ ದೂರರ್ಜಿ. ಅದನ್ನು ಹೇಳಿ ಎದ್ದವರ ಮನಸ್ಸು ಕುಳಿತಾಗ ಇದ್ದದ್ದಕ್ಕಿಂತ ಬಿಸಿಯಾಗಿರುತ್ತದೆ. ಅಮೆರಿಕದ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಸಂಗಾತಿಯ ಒಳಿತಿಗಾಗಿ ಪ್ರಾರ್ಥಿಸಿದವರಲ್ಲಿ, ಸಂಗಾತಿಯನ್ನು ಸುಮ್ಮನೆ ವರ್ಣಿಸಿದವರಿಗಿಂತ, ಕ್ಷಮಿಸುವ ಮನಸ್ಸು ಹೆಚ್ಚಾಗಿ ಕಂಡಿತ್ತು. ಒಂದು ಅಧ್ಯಯನವನ್ನು ವೇದವಾಕ್ಯ ಮಾಡಬೇಕಾಗಿಲ್ಲ. ಆದರೆ ಒಬ್ಬರ ಮಂಡಿನೋವು ವಾಸಿಯಾಗಲೆಂದು ಬೆಳಗ್ಗೆ ಬೇಡಿಕೊಂಡವರಿಗೆ, ಅವರು ಮೆಟ್ಟಿಲು ನಿಧಾನವಾಗಿ ಹತ್ತಿದ್ದಕ್ಕೆ ಸಂಜೆ ರೇಗುವುದು ಕಷ್ಟವೆಂದು ತಿಳಿಯಲು ಅಧ್ಯಯನವೂ ಬೇಕಿಲ್ಲ.

ಐದನೆಯ ಹೆಜ್ಜೆ: ಸಿಟ್ಟಿನ ದಿನ ಏನು ಮಾಡಬೇಕು

ಸ್ಮರಣೆ ಎಂದರೆ ಸದಾ ಮೆಚ್ಚುಗೆ ಎಂದುಕೊಂಡವರು ಮೊದಲ ದೊಡ್ಡ ಜಗಳಕ್ಕೇ ಇದನ್ನು ಕೈಬಿಡುತ್ತಾರೆ. ನಮ್ಮ ಭಕ್ತಿ ಪರಂಪರೆ ಅಷ್ಟು ನಾಜೂಕಿನದಲ್ಲ. ಹರಿದಾಸರು ದೇವರನ್ನೇ ಬಾಯಿಗೆ ಬಂದಂತೆ ಗದರಿಸಿದ್ದಾರೆ. ಅದಕ್ಕೆ ನಿಂದಾಸ್ತುತಿ ಎಂಬ ಹೆಸರೇ ಇದೆ. ಸಲುಗೆ ಇರುವಲ್ಲಿ ಬೈಗುಳವೂ ನೆನಪಿನ ಒಂದು ರೂಪ.

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಬಸವಣ್ಣನ ಮಹಾಮನೆಯ ಮುಂದೆ ಚೆಲ್ಲಿದ ಅಕ್ಕಿಯನ್ನು ಮಾರಯ್ಯ ಆಯ್ದು ತರುತ್ತಿದ್ದ. ಅದರಲ್ಲೇ ಇಬ್ಬರ ಊಟ, ಜಂಗಮರಿಗೆ ದಾಸೋಹ. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಸಂತೋಷಪಡಲಿಲ್ಲ. ಆಸೆ ಅರಸರಿಗಿರಲಿ, ಶಿವಭಕ್ತರಿಗೇಕೆ ಎಂದು ಕೇಳಿ, ಹೆಚ್ಚಿನದನ್ನು ತಂದಲ್ಲೇ ಸುರಿದು ಬರಲು ಕಳಿಸಿದಳು. ಮಾರಯ್ಯ ಹೋದ. ಈ ಕಥೆಯಲ್ಲಿ ಎಲ್ಲರೂ ಲಕ್ಕಮ್ಮನ ನಿಷ್ಠುರತೆಯನ್ನು ಕೊಂಡಾಡುತ್ತಾರೆ. ನನಗೆ ಮಾರಯ್ಯನೂ ಅಷ್ಟೇ ದೊಡ್ಡವನಾಗಿ ಕಾಣುತ್ತಾನೆ. ಹೆಂಡತಿಯ ಮಾತು ಚುಚ್ಚಿದ್ದರೂ ಅದರಲ್ಲಿದ್ದ ತನ್ನದೇ ವ್ರತದ ನೆನಪನ್ನು ಆತ ಗುರುತಿಸಿದ. ಆಮೇಲೂ ಅವಳ ಅಂಕಿತದಲ್ಲಿ ಅವನು ‘ಪ್ರಿಯ’ನಾಗಿಯೇ ಉಳಿದ.

ಜಗಳವಾದ ದಿನ ಹೀಗೆ ಮಾಡಿ. ಬರೆದ ಸಾಲನ್ನು ನೆನೆಯಲು ಹೋಗಬೇಡಿ, ಮನಸ್ಸು ಅದನ್ನೂ ಕುಟುಕುತ್ತದೆ. ಒಳ್ಳೆಯ ಭಾವನೆ ಬರಿಸಿಕೊಳ್ಳಲೂ ಒದ್ದಾಡಬೇಡಿ. ಅಂಕಿತವನ್ನು ಒಂದೇ ಒಂದು ಸಲ, ಸಿಟ್ಟಿನಲ್ಲೇ ಹೇಳಿ ಮುಗಿಸಿ. ನಂತರ ಮಾರಯ್ಯನ ಪ್ರಶ್ನೆ ಕೇಳಿಕೊಳ್ಳಿ: ಆ ಚುಚ್ಚಿದ ಮಾತಿನಲ್ಲಿ ನಾನು ವಾಪಸು ಸುರಿದು ಬರಬೇಕಾದ್ದೇನಾದರೂ ಇದೆಯೇ? ಇದ್ದರೆ ಮಾರನೆಯ ದಿನ ಬಾಯಿಬಿಟ್ಟು ಒಪ್ಪಿಕೊಳ್ಳಿ. ಇಲ್ಲದಿದ್ದರೆ ಅದನ್ನೂ ಕುಳಿತು ಮಾತಾಡಿ. ದೇವರ ಕೋಣೆಯಲ್ಲಿ ಮನಸ್ಸು ಹಗುರಾಯಿತೆಂದು ಊಟದ ಮೇಜಿನ ಮಾತನ್ನು ತಪ್ಪಿಸಿಕೊಳ್ಳುವವರು ಬಹಳ ಮಂದಿ, ಗಂಡಸರೇ ಹೆಚ್ಚು.

ಹೊಡೆತ, ಬೆದರಿಕೆ, ಹಣಕಾಸಿನ ಹಿಡಿತ, ಸಂಶಯದ ಕಾವಲು ಇರುವ ಮನೆಗೆ ಮಾತ್ರ ಈ ಲೇಖನದ ಒಂದು ಹೆಜ್ಜೆಯೂ ಅನ್ವಯಿಸುವುದಿಲ್ಲ. ಸಹಿಸಿಕೊಂಡು ನಾಮ ಜಪಿಸು ಎಂದು ಹೇಳುವವರು ಯಾರೇ ಆಗಿರಲಿ, ಕೇಳಬೇಡಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಮನಸ್ಸಿಗೆ, ಹಣಕ್ಕೆ ಸಂಬಂಧಿಸಿದ ದೌರ್ಜನ್ಯವನ್ನೂ ಒಳಗೊಳ್ಳುತ್ತದೆ. ಮಹಿಳಾ ಸಹಾಯವಾಣಿ ಸಂಖ್ಯೆ 181.

ಆರನೆಯ ಹೆಜ್ಜೆ: ಆಗೊಮ್ಮೆ ಈಗೊಮ್ಮೆ ಬಾಯಿಬಿಡಿ

ಅಂಕಿತ ಗುಟ್ಟಾಗಿರಲಿ ಎಂದೆ. ಕಂಡ ಒಳಿತನ್ನು ಗುಟ್ಟು ಮಾಡಬೇಕಾಗಿಲ್ಲ. ವಾರದ ಸಾಲುಗಳಲ್ಲಿ ಒಂದನ್ನು ಆರಿಸಿ ಸಂಗಾತಿಗೇ ಹೇಳಿ. ನಮ್ಮ ಕಡೆ ಗಂಡ ಹೆಂಡಿರು ಮುಖಕ್ಕೆ ಮುಖ ಕೊಟ್ಟು ಹೊಗಳಿಕೊಳ್ಳುವ ಪದ್ಧತಿ ಕಡಿಮೆ, ಹೇಳಿದರೆ ‘ಏನಾಯಿತು ಇವರಿಗೆ’ ಎಂದು ಹಣೆ ಮುಟ್ಟಿ ನೋಡುತ್ತಾರೆ. ಸೊಪ್ಪು ಬಿಡಿಸುವಾಗ, ಬಟ್ಟೆ ಮಡಚುವಾಗ, ಕೈಗೆ ಕೆಲಸವಿರುವ ಹೊತ್ತಿನಲ್ಲಿ ಹೇಳಿದರೆ ಇಬ್ಬರಿಗೂ ಮುಜುಗರ ಕಡಿಮೆ.

ಏಳನೆಯ ಹೆಜ್ಜೆ: ವರ್ಷದಲ್ಲಿ ಎರಡು ದಿನ

ದಿನದ ಸ್ಮರಣೆ ಸವೆಯುತ್ತದೆ. ಅದಕ್ಕೇ ಹಬ್ಬಗಳಿವೆ.

ಆಷಾಢದ ಅಮಾವಾಸ್ಯೆ, ಭೀಮನ ಅಮಾವಾಸ್ಯೆ, ನಮ್ಮಲ್ಲಿ ಹೆಂಡತಿಯರು ಗಂಡನ ಪಾದಪೂಜೆ ಮಾಡುವ ದಿನ. ಕಲಶ, ಜೋಡಿ ದೀಪ, ಒಂಬತ್ತು ಗಂಟಿನ ಅರಿಶಿನ ದಾರ, ಸಂಜೆಯ ಹೊತ್ತಿಗೆ ಅಣ್ಣತಮ್ಮಂದಿರು ಹೊಸ್ತಿಲ ಬಳಿ ಒಡೆಯುವ ಭಂಡಾರ, ಅಂದರೆ ಒಳಗೆ ಕಾಸಿಟ್ಟ ಕಡುಬು. ಬಹಳ ಚೆಂದದ ಹಬ್ಬ. ಆದರೆ ನೆನೆಯುವ ಕೆಲಸ ಒಬ್ಬರದು, ನೆನೆಸಿಕೊಳ್ಳುವ ಸುಖ ಇನ್ನೊಬ್ಬರದು ಎಂಬ ಹಂಚಿಕೆ ನನಗೆ ಸರಿಕಾಣುವುದಿಲ್ಲ. ಪೂಜೆ ಬಿಡಬೇಕಾಗಿಲ್ಲ, ಗಂಡನ ಪಾಲು ಸೇರಿಸಿದರೆ ಸಾಕು. ಅಂದಿನ ಅಡುಗೆಯನ್ನು ಅವನು ಮಾಡಬಹುದು. ದಾರವನ್ನು ಹೆಂಡತಿಯ ಕೈಗೆ ಅವನು ಕಟ್ಟಿ, ಗಂಟಿಗೊಂದರಂತೆ ಆ ವರ್ಷ ಅವಳಿಂದ ಪಡೆದ ಒಂಬತ್ತು ಸಂಗತಿಗಳನ್ನು ಹೇಳಬಹುದು. ನಾಲ್ಕನೆಯ ಗಂಟಿಗೇ ತಡವರಿಸಿದರೆ ಮೊದಲ ಹೆಜ್ಜೆಯ ಟಿಪ್ಪಣಿ ನೆರವಿಗೆ ಬರುತ್ತದೆ. ನವವಿಧ ಭಕ್ತಿಯ ಪಟ್ಟಿಯಲ್ಲೂ ದಾಸ್ಯದ ಮುಂದಿನ ಮೆಟ್ಟಿಲು ಸಖ್ಯ. ಸಪ್ತಪದಿಯ ಏಳನೆಯ ಹೆಜ್ಜೆಯ ಮಂತ್ರವೂ ‘ಸಖಾ ಸಪ್ತಪದೀ ಭವ’ ಎಂದೇ ಕರೆಯುತ್ತದೆ.

ಇನ್ನೊಂದು ದಿನ ಅರುಂಧತಿಗೆ. ಮದುವೆಯಲ್ಲಿ ಮಟಮಟ ಮಧ್ಯಾಹ್ನ ಪುರೋಹಿತರು ಛತ್ರದ ಹೊರಗೆ ಕರೆದೊಯ್ದು ಆಕಾಶದತ್ತ ಕೈ ತೋರಿಸಿದಾಗ ‘ಕಂಡಿತು’ ಎಂದು ಇಬ್ಬರೂ ಸೇರಿ ಹೇಳಿದ ಮೊದಲ ಸುಳ್ಳು ನೆನಪಿರಬಹುದು. ಅದನ್ನು ನಿಜ ಮಾಡಲು ಏಪ್ರಿಲ್ ಕೊನೆಯಿಂದ ಜೂನ್ ಮಳೆ ಹಿಡಿಯುವವರೆಗೆ ಅವಕಾಶವಿದೆ. ರಾತ್ರಿ ಒಂಬತ್ತರ ಸುಮಾರಿಗೆ ಉತ್ತರಕ್ಕೆ ಮುಖ ಮಾಡಿದರೆ ಸಪ್ತರ್ಷಿ ಮಂಡಲ ಮೇಲೆ ಬಂದಿರುತ್ತದೆ. ಚೌಕದಂತಿರುವ ನಾಲ್ಕು ನಕ್ಷತ್ರ, ಅದರ ಬಾಲದಂತೆ ಮೂರು. ಆ ಮೂರರಲ್ಲಿ ನಡುವಿನದು ವಸಿಷ್ಠ. ಮೊದಲು ವಸಿಷ್ಠನನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಅದರ ಮಗ್ಗುಲಿಗೇ ಅಂಟಿದಂತೆ ಮಂಕಾಗಿ ಇರುವ ಚುಕ್ಕಿ ಅರುಂಧತಿ. ಊರಿನ ದೀಪಗಳಿಂದ ದೂರವಿದ್ದರೆ ಬರಿಗಣ್ಣಿಗೆ ಕಾಣುತ್ತದೆ. ಬೆಂಗಳೂರಿನಲ್ಲಿ ಬೈನಾಕ್ಯುಲರ್ ಬೇಕಾದೀತು, ನಲವತ್ತು ದಾಟಿದವರಿಗೆ ಕನ್ನಡಕವಂತೂ ಖಂಡಿತ. ಮಹಡಿಗೆ ಹೋಗುವಾಗ ಮಕ್ಕಳನ್ನು ಕೆಳಗೇ ಬಿಡಿ.

ದೂರವಿರುವವರಿಗೆ, ನಂಬಿಕೆ ಬೇರೆ ಇರುವವರಿಗೆ

ಒಬ್ಬರು ದುಬೈಯಲ್ಲಿ, ಒಬ್ಬರು ಮಂಗಳೂರಿನಲ್ಲಿ ಇದ್ದರೆ ಗಡಿಯಾರ ಒಂದೂವರೆ ಗಂಟೆ ಹಿಂದೆ ಮುಂದೆ. ಇಲ್ಲಿ ಆರೂವರೆಗೆ ದೀಪ ಹಚ್ಚಿದಾಗ ಅಲ್ಲಿ ಐದು, ಕೆಲಸದ ಹೊತ್ತು. ಕರೆ ಮಾಡಬೇಕಾಗಿಲ್ಲ, ಆ ಹೊತ್ತಿಗೆ ಅಂಕಿತ ಒಮ್ಮೆ ಬಂದರಾಯಿತು. ನಾರದ ಭಕ್ತಿಸೂತ್ರ ಎಣಿಸುವ ಹನ್ನೊಂದು ಆಸಕ್ತಿಗಳಲ್ಲಿ ಕೊನೆಯದು ಪರಮವಿರಹಾಸಕ್ತಿ. ದೂರದ ನೋವನ್ನೇ ಭಕ್ತಿಯ ತುದಿಯೆಂದು ಎಣಿಸಿದವರು ನಮ್ಮಲ್ಲಿದ್ದಾರೆ. ಹಾಗೆಂದು ರಜೆ ಸಿಕ್ಕರೂ ಊರಿಗೆ ಬರದಿರಲು ಅದನ್ನು ನೆಪ ಮಾಡಿಕೊಳ್ಳುವಂತಿಲ್ಲ.

ಸಂಗಾತಿ ನಾಸ್ತಿಕರಾಗಿದ್ದರೆ ಅಥವಾ ಬೇರೆ ಧರ್ಮದವರಾಗಿದ್ದರೆ ಅವರನ್ನು ದೇವರ ಕೋಣೆಗೆ ಎಳೆಯಬೇಡಿ. ಸ್ಮರಣೆ ನಿಮ್ಮದು, ಅದಕ್ಕೆ ಅವರ ಒಪ್ಪಿಗೆಯ ಸಹಿ ಬೇಕಿಲ್ಲ. ದೇವರ ಹೆಸರು ನಿಮಗೇ ಒಗ್ಗದಿದ್ದರೆ ಹೊಸ್ತಿಲಲ್ಲಿ ಸಂಗಾತಿಯ ಹೆಸರಷ್ಟನ್ನೇ ಹೇಳಿಕೊಳ್ಳಿ, ಉಳಿದ ಹೆಜ್ಜೆಗಳು ಹಾಗೇ ನಡೆಯುತ್ತವೆ.

ಒಬ್ಬರ ನೆನಪು ಮಾಸಿದಾಗ

ಮುಪ್ಪಿನಲ್ಲಿ ಮರೆವಿನ ಕಾಯಿಲೆ ಬಂದ ಮನೆಗಳಲ್ಲಿ ಸ್ಮರಣೆಯ ಭಾರ ಪೂರ್ತಿ ಒಬ್ಬರ ಹೆಗಲಿಗೆ ಬರುತ್ತದೆ. ಇಂದು ಏನು ತಿಂದೆನೆಂಬುದು ಮರೆತವರು, ಚಿಕ್ಕಂದಿನಲ್ಲಿ ಕಲಿತ ದೇವರನಾಮವನ್ನು ಯಾರಾದರೂ ಎತ್ತಿಕೊಟ್ಟರೆ ಮುಂದಿನ ಸಾಲು ಹೇಳುವುದುಂಟು. ಹಾಗಾಗಿ ಸಂಜೆಯ ಹೊತ್ತು ಇಬ್ಬರಿಗೂ ಗೊತ್ತಿರುವ ಒಂದೇ ಹಾಡನ್ನು ದಿನವೂ, ಅದೇ ಜಾಗದಲ್ಲಿ ಕುಳಿತು ಹೇಳಿ. ‘ನಾನು ಯಾರು ಹೇಳಿ ನೋಡೋಣ’ ಎಂದು ಪರೀಕ್ಷೆ ಮಾಡಬೇಡಿ; ತಪ್ಪು ಹೇಳಿದರೆ ಇಬ್ಬರಿಗೂ ನೋವು. ನಿಮ್ಮ ಹೆಸರು, ನಿಮ್ಮ ನಂಟು, ಇಂದಿನ ವಾರ, ಇವನ್ನು ನೀವೇ ಮೊದಲು ಹೇಳಿಬಿಡಿ. ಹಳೆಯ ಟಿಪ್ಪಣಿಗಳಿದ್ದರೆ ಓದಿ ಹೇಳಿ. ತಮ್ಮದೇ ಕಥೆ ಎಂದು ಗುರುತಿಸದಿದ್ದರೂ ಕೇಳುತ್ತಾ ಕೂರುತ್ತಾರೆ.

ನೋಡಿಕೊಳ್ಳುವವರು ದಣಿಯುತ್ತಾರೆ, ಸಿಡುಕುತ್ತಾರೆ. ಅಂಥ ದಿನ ಜಪ ತಪ್ಪಿದರೆ ತಪ್ಪಲಿ. ಮಕ್ಕಳನ್ನೋ ನೆರೆಯವರನ್ನೋ ಎರಡು ಗಂಟೆ ಕೂರಿಸಿ ಹೊರಗೆ ಹೋಗಿ ಬನ್ನಿ. ನಿದ್ದೆ ಕೆಟ್ಟು, ಮನಸ್ಸು ಕುಸಿದು, ಯಾರೊಡನಾದರೂ ಮಾತಾಡಬೇಕೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.